ಲ್ಯಾಪ್‌ಟಾಪಿನ ಸ್ಮೃತಿ: ಹೆಚ್ಚಿಸಬೇಕೇ, ಬೇಡವೇ?

ಕಳವಾ, ಖಾರೇಗಾಂವ್, ವಿಟಾವಾ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ, ನಾವು ಕಂಡಂತೆ, ಲ್ಯಾಪ್‌ಟಾಪ್ ಇಲ್ಲದ ಮನೆ ಈಗ ವಿರಳ. 2020ರ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಜಾರಿಗೆ ಬಂದಾಗ ಮಕ್ಕಳ ಪಾಠವೂ ಹಿರಿಯರ ಕಚೇರಿಯೂ ಒಟ್ಟಿಗೇ ಮನೆಯೊಳಗೆ ಬಂದವು. ಅಂದು ಅವಸರದಲ್ಲಿ, ಸಿಕ್ಕಿದ್ದೇ ಭಾಗ್ಯವೆಂದು ಕೊಂಡುತಂದ ಯಂತ್ರಗಳಿಗೆ ಈಗ ವಯಸ್ಸಾಗಿದೆ. ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಪರದೆ ಸಿದ್ಧವಾಗಿರುವುದಿಲ್ಲ. ಒಂದು ಕಿಟಕಿ ತೆರೆದರೆ ಇನ್ನೊಂದು ಸ್ತಬ್ಧವಾಗುತ್ತದೆ. ಹೊಸದು ಕೊಳ್ಳೋಣವೆಂದು ಮಕ್ಕಳು ಹೇಳುತ್ತಾರೆ, ಇದೇ ಇನ್ನೆರಡು ವರ್ಷ ನಡೆಯಲಿ ಎಂದು ಹಿರಿಯರು ಹೇಳುತ್ತಾರೆ, ರ‍್ಯಾಮ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ.

ಈ ಮೂವರಲ್ಲಿ ಯಾರ ಮಾತು ಸರಿ ಎಂಬುದು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಅದನ್ನು ಮನೆಯಲ್ಲಿಯೇ ಕುಳಿತು, ಹಣ ಖರ್ಚು ಮಾಡುವ ಮೊದಲು ಕಂಡುಕೊಳ್ಳಲು ಸಾಧ್ಯವಿದೆ. ತಾಂತ್ರಿಕ ಶಿಕ್ಷಣ ಪಡೆಯದ ವಾಚಕರಿಗೂ ಉಪಯೋಗಕ್ಕೆ ಬರಲೆಂಬ ಉದ್ದೇಶದಿಂದ ಈ ಮಾಹಿತಿಯನ್ನು ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇವೆ.

ಸ್ಮೃತಿ ಎಂದರೆ ಯಾವುದು?

ಗಣಕಯಂತ್ರದಲ್ಲಿ ಮಾಹಿತಿ ಇರುವ ಸ್ಥಳಗಳು ಮುಖ್ಯವಾಗಿ ಎರಡು. ಒಂದು ಸಂಗ್ರಹ, ಎಂದರೆ ಹಾರ್ಡ್‌ಡಿಸ್ಕ್ ಅಥವಾ ಎಸ್‌ಎಸ್‌ಡಿ. ಇನ್ನೊಂದು ಸ್ಮೃತಿ, ಎಂದರೆ ಅಂಗಡಿಯ ಮಾತಿನ ರ‍್ಯಾಮ್. ಇವೆರಡನ್ನೂ ಜಿಬಿ ಲೆಕ್ಕದಲ್ಲಿಯೇ ಹೇಳುವುದರಿಂದ ಅನೇಕರು ಒಂದನ್ನು ಇನ್ನೊಂದೆಂದು ತಿಳಿಯುತ್ತಾರೆ. ಫೋಟೋಗಳನ್ನು ಅಳಿಸಿದರೆ ಯಂತ್ರ ಚುರುಕಾಗುತ್ತದೆ ಎಂಬ ನಂಬಿಕೆ ಈ ಗೊಂದಲದಿಂದಲೇ ಹುಟ್ಟಿದ್ದು.

ನಮ್ಮ ಇಲ್ಲಿನ ಮನೆಗಳ ಅಡುಗೆಕೋಣೆಯನ್ನೇ ನೋಡೋಣ. ಮೇಲೆ ಅಟ್ಟವಿರುತ್ತದೆ. ಊರಿನಿಂದ ತಂದ ಅಕ್ಕಿ, ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಪಾತ್ರೆಗಳು ಅಲ್ಲಿರುತ್ತವೆ. ಕೆಳಗೆ ಅಡುಗೆಕಟ್ಟೆಯಿದೆ. ಅಡುಗೆ ನಡೆಯುವುದು ಅಟ್ಟದಲ್ಲಲ್ಲ, ಕಟ್ಟೆಯ ಮೇಲೆ. ಸಂಗ್ರಹವೆಂಬುದು ಅಟ್ಟ, ಸ್ಮೃತಿಯೆಂಬುದು ಕಟ್ಟೆ. ಕಟ್ಟೆ ಕಿರಿದಾಗಿದ್ದರೆ ಸಾರಿನ ಪಾತ್ರೆಯನ್ನು ಅಟ್ಟಕ್ಕೇರಿಸಿ ಪಲ್ಯದ ಬಾಣಲೆ ಇಳಿಸಬೇಕು, ಮತ್ತೆ ಬಾಣಲೆ ಏರಿಸಿ ಸಾರು ಇಳಿಸಬೇಕು. ಅಡುಗೆ ಮಾಡುವವರು ಎಷ್ಟೇ ಚುರುಕಾಗಿದ್ದರೂ ಹೊತ್ತೆಲ್ಲ ಏಣಿ ಹತ್ತಿಳಿಯುವುದರಲ್ಲೇ ಕಳೆಯುತ್ತದೆ. ಸ್ಮೃತಿ ಸಾಲದ ಗಣಕಯಂತ್ರವೂ ಇದನ್ನೇ ಮಾಡುತ್ತದೆ: ಸ್ಮೃತಿಯಲ್ಲಿರುವುದನ್ನು ತಾತ್ಕಾಲಿಕವಾಗಿ ಡಿಸ್ಕಿಗೆ ಬರೆದು, ಬೇಕಾದಾಗ ಮರಳಿ ಓದುತ್ತದೆ.

ಏಣಿಯ ಎತ್ತರ ಎಷ್ಟೆಂದು ತಿಳಿದರೆ ಈ ನಿಧಾನದ ಕಾರಣ ಸ್ಪಷ್ಟವಾಗುತ್ತದೆ. 2400 ವೇಗದ ಒಂದು ಡಿಡಿಆರ್4 ಸ್ಮೃತಿ ಫಲಕವು ಸೆಕೆಂಡಿಗೆ ಹೆಚ್ಚೆಂದರೆ 19,200 ಎಂಬಿಯಷ್ಟು ಮಾಹಿತಿಯನ್ನು ಸಾಗಿಸಬಲ್ಲದು. ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಸುಮಾರು 550 ಎಂಬಿಯನ್ನು, ಲ್ಯಾಪ್‌ಟಾಪಿನ ತಿರುಗುವ ಹಾರ್ಡ್‌ಡಿಸ್ಕ್ ಸುಮಾರು 100 ಎಂಬಿಯನ್ನು ಮಾತ್ರ ಸಾಗಿಸುತ್ತವೆ. ಅದರಲ್ಲೂ ಚದುರಿದ ಸಣ್ಣ ತುಣುಕುಗಳನ್ನು ಹುಡುಕುವಾಗ ಹಾರ್ಡ್‌ಡಿಸ್ಕಿನ ವೇಗ ಇದಕ್ಕಿಂತಲೂ ಬಹಳ ಕೆಳಗಿಳಿಯುತ್ತದೆ.

ಮುಂಬಯಿಯ ಒಂದು ಹಳೆಯ ಲೆಕ್ಕ

ಸ್ಮೃತಿಯ ಕೊರತೆ ಇಂದಿನದಲ್ಲ. ಭಾರತದಲ್ಲಿಯೇ ರೂಪುಗೊಂಡ ಮೊದಲ ಗಣಕಯಂತ್ರಗಳಲ್ಲಿ ಒಂದಾದ ಟಿಫ್ರಾಕ್, ನಮ್ಮದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕಾರ್ಯಾರಂಭ ಮಾಡಿತು. 1962ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅದಕ್ಕೆ ಆ ಹೆಸರನ್ನಿಟ್ಟರು. ಕಬ್ಬಿಣಾಂಶದ ಸಣ್ಣ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿ ಮಾಡಿದ ಅದರ ಸ್ಮೃತಿಯಲ್ಲಿ 40 ಬಿಟ್‌ಗಳ 2,048 ಪದಗಳಿಗೆ ಸ್ಥಳವಿತ್ತು. ಇಂದಿನ ಲೆಕ್ಕದಲ್ಲಿ ಅದು ಕೇವಲ 10 ಕೆಬಿ. ಇಂದು 8 ಜಿಬಿ ಸ್ಮೃತಿಯುಳ್ಳ ಒಂದು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಅಂತಹ ಎಂಟು ಲಕ್ಷಕ್ಕೂ ಹೆಚ್ಚು ಟಿಫ್ರಾಕ್‌ಗಳ ಸ್ಮೃತಿ ಅಡಗಿದೆ.

ಇದನ್ನು ಸಾಧ್ಯವಾಗಿಸಿದ್ದು ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರ ಆವಿಷ್ಕಾರ. ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಸೇರಿಸಿ ಒಂದು ಬಿಟ್ ಮಾಹಿತಿಯನ್ನು ಹಿಡಿದಿಡುವ ಅವರ ವಿಧಾನಕ್ಕೆ 1968ರಲ್ಲಿ ಪೇಟೆಂಟ್ ದೊರೆಯಿತು. ಇಂದಿನ ರ‍್ಯಾಮ್ ಇದೇ ತತ್ತ್ವದ ಮೇಲೆ ನಿಂತಿದೆ. ಆ ಕೆಪಾಸಿಟರಿನ ವಿದ್ಯುತ್ತು ಕ್ಷಣಕ್ಷಣಕ್ಕೂ ಸೋರಿಹೋಗುವುದರಿಂದ ಅದನ್ನು ಸೆಕೆಂಡಿಗೆ ಹಲವು ಬಾರಿ ಮರುಪೂರಣ ಮಾಡುತ್ತಲೇ ಇರಬೇಕಾಗುತ್ತದೆ. ವಿದ್ಯುತ್ತು ನಿಂತೊಡನೆ ಸ್ಮೃತಿ ಬರಿದಾಗುವುದಕ್ಕೂ, ಉಳಿಸದ ಬರಹ ಮಾಯವಾಗುವುದಕ್ಕೂ ಇದೇ ಕಾರಣ.

ಕನ್ನಡ ಬರಹಕ್ಕೆ ಎಷ್ಟು ಸ್ಮೃತಿ ಬೇಕು?

ಕನ್ನಡದಲ್ಲಿ ಟೈಪ್ ಮಾಡಿದರೆ ಯಂತ್ರಕ್ಕೆ ಭಾರವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಹಿರಿಯರೊಬ್ಬರು ನಮ್ಮನ್ನು ಕೇಳಿದ್ದುಂಟು. ಉತ್ತರ ಸಮಾಧಾನಕರವಾಗಿದೆ. 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರವೊಂದಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಕ್ಷ ಎಂಬ ಒಂದೇ ಒತ್ತಕ್ಷರದಲ್ಲಿ ಕಕಾರ, ವಿರಾಮಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳಿರುವುದರಿಂದ ಒಟ್ಟು ಒಂಬತ್ತು ಬೈಟ್ ಆಗುತ್ತದೆ.

ಹಾಗಿದ್ದರೂ ಪುಟಕ್ಕೆ 1,500 ಸಂಕೇತಗಳಂತೆ 300 ಪುಟಗಳ ಪುಸ್ತಕವೊಂದರ ಅಕ್ಷರಗಳು ಒಟ್ಟು 13,50,000 ಬೈಟ್, ಎಂದರೆ ಸುಮಾರು 1.3 ಎಂಬಿಯಲ್ಲಿ ಮುಗಿಯುತ್ತವೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು. ಅಷ್ಟೇ ಅಲ್ಲ, ಫೋಟೋಗಳು ಡಿಸ್ಕಿನಲ್ಲಿ ಮಡಚಿಟ್ಟ ಸೀರೆಯಂತಿರುತ್ತವೆ, ತೆರೆದಾಗ ಹರಡಿಕೊಳ್ಳುತ್ತವೆ. 12 ಮೆಗಾಪಿಕ್ಸೆಲ್‌ನ ಚಿತ್ರವೊಂದು ಡಿಸ್ಕಿನಲ್ಲಿ ಮೂರು ನಾಲ್ಕು ಎಂಬಿಯಷ್ಟಿದ್ದರೂ ತೆರೆದಾಗ ಸ್ಮೃತಿಯಲ್ಲಿ ಬಿಂದುವಿಗೆ ಮೂರು ಬೈಟ್‌ನಂತೆ ಸುಮಾರು 36 ಎಂಬಿ ಆಕ್ರಮಿಸುತ್ತದೆ. ನುಡಿಯಲ್ಲಾಗಲಿ ಬರಹದಲ್ಲಾಗಲಿ, ಮುಂಬಯಿಯಲ್ಲಿಯೂ ದುಡಿದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಾಗಲಿ, ಕನ್ನಡ ಬರೆಯುವುದಕ್ಕಾಗಿ ಮಾತ್ರ ಯಾರೂ ಸ್ಮೃತಿ ಹೆಚ್ಚಿಸಬೇಕಾಗಿಲ್ಲ. ಸ್ಮೃತಿಯನ್ನು ನುಂಗುವವು ಬೇರೆ: ಬ್ರೌಸರಿನಲ್ಲಿ ತೆರೆದಿಟ್ಟ ಹತ್ತಿಪ್ಪತ್ತು ಪುಟಗಳು, ವೀಡಿಯೋ ಸಭೆಗಳು, ವೈರಸ್ ನಿರೋಧಕಗಳು ಮತ್ತು ನಾವು ಕರೆಯದೆಯೇ ಹಿನ್ನೆಲೆಯಲ್ಲಿ ಓಡುವ ತಂತ್ರಾಂಶಗಳು.

ಮೊದಲು ನಿದಾನ, ಆಮೇಲೆ ಔಷಧ

ನಿಧಾನವಾದ ಯಂತ್ರಕ್ಕೆಲ್ಲ ಸ್ಮೃತಿಯೇ ಔಷಧವಲ್ಲ. ವಿಂಡೋಸ್ ಬಳಸುವವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೇ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಮೂರು ಅಂಕಣಗಳಿವೆ. ದಿನನಿತ್ಯದ ಕೆಲಸಗಳನ್ನೆಲ್ಲ ತೆರೆದಿಟ್ಟು, ಯಂತ್ರ ತಡವರಿಸುವ ಹೊತ್ತಿನಲ್ಲಿಯೇ ಇದನ್ನು ನೋಡಬೇಕು. ಆಗತಾನೆ ಆರಂಭಿಸಿದ ಯಂತ್ರದಲ್ಲಿ ನೋಡಿದರೆ ಪ್ರಯೋಜನವಿಲ್ಲ.

ಮೆಮೊರಿ ಶೇ. 85ಕ್ಕಿಂತ ಮೇಲೆ ನಿಂತು, ಜೊತೆಯಲ್ಲಿ ಡಿಸ್ಕ್ ಕೂಡ ಶೇ. 100ಕ್ಕೆ ಅಂಟಿಕೊಂಡಿದ್ದರೆ ಕಟ್ಟೆ ಕಿರಿದಾಗಿದೆ ಎಂದು ತಿಳಿಯಬಹುದು. ಮೆಮೊರಿ ಅರ್ಧದಷ್ಟೇ ತುಂಬಿದ್ದು ಡಿಸ್ಕ್ ಮಾತ್ರ ಶೇ. 100ರಲ್ಲಿದ್ದರೆ ದೋಷ ಹಾರ್ಡ್‌ಡಿಸ್ಕಿನದು. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸುವುದೇ ಸರಿಯಾದ ದಾರಿ. ಎರಡೂ ಕೆಳಗಿದ್ದು ಸಿಪಿಯು ಮಾತ್ರ ಮೇಲಿದ್ದರೆ ಯಾವ ತಂತ್ರಾಂಶ ಅದನ್ನು ದುಡಿಸುತ್ತಿದೆ ಎಂದು ನೋಡಬೇಕು. ಫ್ಯಾನಿನಲ್ಲಿ ಧೂಳು ತುಂಬಿ ಯಂತ್ರ ಬಿಸಿಯಾದಾಗಲೂ ಸಂಸ್ಕಾರಕ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗ ಬೇಕಾದದ್ದು ಸ್ವಚ್ಛತೆ ಮಾತ್ರ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಮೆಮೊರಿ ಶೇ. 60 ಅಥವಾ 70 ತುಂಬಿದೆಯೆಂದು ಗಾಬರಿಯಾಗಬೇಕಾಗಿಲ್ಲ. ಖಾಲಿ ಬಿದ್ದಿರುವ ಸ್ಮೃತಿಯಿಂದ ಯಾರಿಗೂ ಲಾಭವಿಲ್ಲವಾದ್ದರಿಂದ, ಮುಂದೆ ಬೇಕಾಗಬಹುದಾದುದನ್ನು ಕಾರ್ಯಾಚರಣ ವ್ಯವಸ್ಥೆಯೇ ತಂದು ಅಲ್ಲಿ ಇಟ್ಟುಕೊಳ್ಳುತ್ತದೆ. ಸ್ಥಳ ಬೇಕಾದಾಗ ತಾನೇ ತೆರವು ಮಾಡುತ್ತದೆ. ಆಪಲ್ ಯಂತ್ರಗಳಲ್ಲಿ ಆಕ್ಟಿವಿಟಿ ಮಾನಿಟರ್ ತೋರಿಸುವ ಮೆಮೊರಿ ಪ್ರೆಶರ್ ರೇಖೆ ಹಸಿರಾಗಿದ್ದರೆ ಸಾಕು. ಅದು ಸದಾ ಹಳದಿ ಅಥವಾ ಕೆಂಪಾಗಿದ್ದರೆ ಮಾತ್ರ ಚಿಂತಿಸಬೇಕು.

ಹೆಚ್ಚಿಸಲು ಸ್ಥಳವಿದೆಯೇ?

ಅಗತ್ಯವಿದೆಯೆಂದು ಖಚಿತವಾದ ಮೇಲೆ ಸಾಧ್ಯವೇ ಎಂಬ ಪ್ರಶ್ನೆ ಬರುತ್ತದೆ. ಅದೇ ಮೆಮೊರಿ ಪುಟದ ಕೆಳಭಾಗದಲ್ಲಿ ಸ್ಲಾಟ್ಸ್ ಯೂಸ್ಡ್ ಎಂಬಲ್ಲಿ ಎರಡರಲ್ಲಿ ಒಂದು ಎಂದಿದ್ದರೆ ಒಂದು ಖಾಲಿ ಸ್ಥಳ ಇರುವ ಸಂಭವವಿದೆ. ಫಾರ್ಮ್ ಫ್ಯಾಕ್ಟರ್ ಎಂಬಲ್ಲಿ ಎಸ್‌ಓ-ಡಿಮ್ ಎಂದಿದ್ದರೆ ಫಲಕವನ್ನು ಬದಲಾಯಿಸಬಹುದು. ರೋ ಆಫ್ ಚಿಪ್ಸ್ ಎಂದಿದ್ದರೆ ಸ್ಮೃತಿಯನ್ನು ಮದರ್‌ಬೋರ್ಡಿಗೆ ಬೆಸೆಯಲಾಗಿದೆ ಎಂದರ್ಥ. ಈ ಸೂಚನೆಗಳು ಕೆಲವು ಯಂತ್ರಗಳಲ್ಲಿ ತಪ್ಪುವುದೂ ಉಂಟು. ಆದ್ದರಿಂದ ಲ್ಯಾಪ್‌ಟಾಪಿನ ಅಡಿಯಲ್ಲಿ ಮುದ್ರಿಸಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ಕೈಪಿಡಿಯಲ್ಲಿ ಗರಿಷ್ಠ ಎಷ್ಟು ಜಿಬಿ ಹಾಕಬಹುದೆಂಬುದನ್ನು ಓದಿಕೊಳ್ಳಬೇಕು.

ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು ಬೆಸೆದ ಸ್ಮೃತಿಯವು. 2020ರ ನವೆಂಬರಿನಿಂದ ಬಂದ ಆಪಲ್ ಸಿಲಿಕಾನ್ ಮ್ಯಾಕ್‌ಬುಕ್‌ಗಳಲ್ಲಿ ಸ್ಮೃತಿಯು ಸಂಸ್ಕಾರಕದ ಕಟ್ಟಿನಲ್ಲಿಯೇ ಅಡಕವಾಗಿರುವುದರಿಂದ ಅನಂತರ ಹೆಚ್ಚಿಸುವ ಮಾತೇ ಇಲ್ಲ. ಇಂತಹ ಯಂತ್ರಗಳ ವಿಷಯದಲ್ಲಿ ನಿರ್ಧಾರವನ್ನು ಕೊಳ್ಳುವ ದಿನವೇ ಮಾಡಬೇಕು. ಇಂದಿನ ಅಗತ್ಯಕ್ಕಲ್ಲ, ಐದು ವರ್ಷಗಳ ಮುಂದಿನ ಅಗತ್ಯಕ್ಕೆ ತಕ್ಕಂತೆ.

ಇನ್ನೊಂದು ತೊಡಕು 32 ಬಿಟ್‌ನ ಹಳೆಯ ವ್ಯವಸ್ಥೆಗಳದು. 32 ಬಿಟ್‌ಗಳಲ್ಲಿ ಬರೆಯಬಹುದಾದ ವಿಳಾಸಗಳ ಸಂಖ್ಯೆ 429,49,67,296, ಎಂದರೆ 4 ಜಿಬಿ. ಸಾಮಾನ್ಯ 32 ಬಿಟ್ ವಿಂಡೋಸ್ ಇರುವ ಯಂತ್ರಕ್ಕೆ 8 ಜಿಬಿ ಹಾಕಿಸಿದರೂ ಹೆಚ್ಚಿನ ಪಾಲು ನಿರುಪಯುಕ್ತವಾಗಿ ಉಳಿಯುತ್ತದೆ.

ಪೀಳಿಗೆ ತಪ್ಪಬಾರದು

ಸ್ಮೃತಿ ಫಲಕಗಳಿಗೂ ಪೀಳಿಗೆಗಳಿವೆ. 2007ರಲ್ಲಿ ಬಂದ ಡಿಡಿಆರ್3 ಫಲಕಕ್ಕೆ ಲ್ಯಾಪ್‌ಟಾಪಿನಲ್ಲಿ 204 ಪಿನ್‌ಗಳು. 2014ರಲ್ಲಿ ಬಂದ ಡಿಡಿಆರ್4ಕ್ಕೆ 260. 2020ರಲ್ಲಿ ಮಾನದಂಡ ಪ್ರಕಟವಾದ ಡಿಡಿಆರ್5ಕ್ಕೆ 262. ವಿದ್ಯುತ್ತಿನ ಒತ್ತಡವೂ ಕ್ರಮವಾಗಿ 1.5, 1.2 ಮತ್ತು 1.1 ವೋಲ್ಟ್. ಡಿಡಿಆರ್3ರಲ್ಲಿಯೇ 1.35 ವೋಲ್ಟಿನ ಡಿಡಿಆರ್3ಎಲ್ ಎಂಬ ಉಪಜಾತಿಯೂ ಇದೆ. ಒಂದು ಪೀಳಿಗೆಯ ಫಲಕ ಇನ್ನೊಂದರ ಸ್ಥಳದಲ್ಲಿ ಕೂರದಂತೆ ಅದರ ಕಚ್ಚನ್ನು ಬೇರೆ ಬೇರೆ ಜಾಗದಲ್ಲಿ ಕೊರೆದಿರುತ್ತಾರೆ. ಕೂರುತ್ತಿಲ್ಲವೆಂದು ಬಲವಂತವಾಗಿ ಒತ್ತಬಾರದು.

ವೇಗ ಭಿನ್ನವಾಗಿರುವ ಎರಡು ಫಲಕಗಳನ್ನು ಸೇರಿಸಿದರೆ ಎರಡೂ ನಿಧಾನದ ಫಲಕದ ವೇಗದಲ್ಲಿ ನಡೆಯುತ್ತವೆ. ಅದರಿಂದ ಹಾನಿಯಿಲ್ಲ, ಆದರೆ ಹೆಚ್ಚಿನ ವೇಗದ ಫಲಕಕ್ಕೆ ಕೊಟ್ಟ ಹೆಚ್ಚುವರಿ ಹಣ ವ್ಯರ್ಥ. ಒಂದೇ 8 ಜಿಬಿ ಫಲಕಕ್ಕಿಂತ 4 ಜಿಬಿಯ ಎರಡು ಫಲಕಗಳಿದ್ದರೆ ಮಾಹಿತಿ ಎರಡು ದಾರಿಗಳಲ್ಲಿ ಸಾಗುವುದರಿಂದ, ವಿಶೇಷವಾಗಿ ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಯಂತ್ರಗಳಿಗೆ, ಒಂದಿಷ್ಟು ಚುರುಕು ಬರುತ್ತದೆ.

ಎಷ್ಟು ಸಾಕು?

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಪತ್ರ ಬರೆಯುವುದು, ಒಂದೆರಡು ಜಾಲಪುಟ ಓದುವುದು, ಊರಿನವರೊಡನೆ ವಾರಕ್ಕೊಮ್ಮೆ ವೀಡಿಯೋ ಮಾತುಕತೆ, ಇಷ್ಟೇ ಇದ್ದಲ್ಲಿ 4 ಜಿಬಿಯಲ್ಲಿ ತಾಳ್ಮೆಯಿಂದ ನಡೆಸಬಹುದು. ಸಾಮಾನ್ಯ ಕುಟುಂಬಕ್ಕೆ, ಕಚೇರಿ ಕೆಲಸಕ್ಕೆ, ಶಾಲಾ ವಿದ್ಯಾರ್ಥಿಗಳಿಗೆ 8 ಜಿಬಿ ನೆಮ್ಮದಿಯ ಮಟ್ಟ. ಎಂಜಿನಿಯರಿಂಗ್, ಗಣಕ ವಿಜ್ಞಾನ, ವಾಸ್ತುಶಿಲ್ಪ ಓದುವ ಮಕ್ಕಳಿಗೆ 16 ಜಿಬಿ ಸೂಕ್ತ. ಮೊಬೈಲ್ ತಂತ್ರಾಂಶ ರಚಿಸುವ ಆಂಡ್ರಾಯ್ಡ್ ಸ್ಟುಡಿಯೋ 8 ಜಿಬಿಗಿಂತ ಕಡಿಮೆಯಿದ್ದಲ್ಲಿ ಸರಿಯಾಗಿ ನಡೆಯದು. ಅದರೊಳಗಿನ ಕೃತಕ ಮೊಬೈಲನ್ನೂ ಓಡಿಸಬೇಕಾದರೆ 16 ಬೇಕು. ವೀಡಿಯೋ ಸಂಕಲನವನ್ನು ವೃತ್ತಿಯಾಗಿಸಿಕೊಂಡವರನ್ನು ಬಿಟ್ಟು ಉಳಿದವರಿಗೆ 32 ಜಿಬಿಯ ಅಗತ್ಯ ಅಪರೂಪ. 8ರಲ್ಲಿ ನೆಮ್ಮದಿಯಾಗಿರುವ ಯಂತ್ರಕ್ಕೆ 16 ಹಾಕಿಸಿದರೆ ಅದು ಇಮ್ಮಡಿ ವೇಗವಾಗುವುದಿಲ್ಲ. ಬೇಕಾದುದಕ್ಕಿಂತ ಉದ್ದದ ಕಟ್ಟೆಯಿಂದ ಅನ್ನ ಬೇಗ ಬೇಯದು.

ವಿಂಡೋಸ್ 10ರ ಪ್ರಶ್ನೆ

ಸ್ಮೃತಿಗೆ ಹಣ ಹಾಕುವ ಮೊದಲು ಯಂತ್ರದ ಉಳಿದ ಆಯುಷ್ಯವನ್ನು ಅಂದಾಜು ಮಾಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಮನೆಬಳಕೆದಾರರಿಗೆ ವಿಸ್ತರಿಸಿದ ಸುರಕ್ಷತಾ ಯೋಜನೆಗೆ 2026ರ ಅಕ್ಟೋಬರ್ 13 ಗಡುವೆಂದು ಅದು ಪ್ರಕಟಿಸಿತು. 2021ರಲ್ಲಿ ಬಂದ ವಿಂಡೋಸ್ 11 ಕೇಳುವ ಕನಿಷ್ಠ ಸ್ಮೃತಿ 4 ಜಿಬಿ ಮಾತ್ರ. ಆದರೆ ಅದಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಅಂಗವೂ, ಇಂಟೆಲ್ ಆದಲ್ಲಿ ಬಹುಮಟ್ಟಿಗೆ ಎಂಟನೆಯ ಪೀಳಿಗೆ ಅಥವಾ ಅನಂತರದ ಸಂಸ್ಕಾರಕವೂ ಬೇಕು. ಸ್ಮೃತಿ ಎಷ್ಟೇ ಹಾಕಿಸಿದರೂ ಏಳನೆಯ ಪೀಳಿಗೆ ಎಂಟನೆಯದಾಗುವುದಿಲ್ಲ.

ಬ್ಯಾಂಕು ವ್ಯವಹಾರ ಮಾಡುವ ಯಂತ್ರ ಸುರಕ್ಷತಾ ಪರಿಷ್ಕರಣೆಯಿಲ್ಲದೆ ಇರಬಾರದು. ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರವನ್ನು ಲಿನಕ್ಸ್‌ಗೆ ಬದಲಾಯಿಸಿ ಮುಂದುವರಿಸುವ ಮಾರ್ಗವಿದೆ. ಲಿನಕ್ಸ್ ಮಿಂಟ್ 2 ಜಿಬಿಯಲ್ಲಿಯೂ ಆರಂಭವಾಗುತ್ತದೆ, 4 ಜಿಬಿಯಿದ್ದರೆ ಸುಖವಾಗಿ ನಡೆಯುತ್ತದೆ. ಯುನಿಕೋಡ್ ಕನ್ನಡ ಬರೆಯಲು ಅದರಲ್ಲಿ ಯಾವ ಅಡ್ಡಿಯೂ ಇಲ್ಲ. ಹಳೆಯ ನುಡಿ ಅಕ್ಷರಶೈಲಿಯ ಕಡತಗಳಿದ್ದರೆ ಅವನ್ನು ಮೊದಲೇ ಯುನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳುವುದು ಒಳ್ಳೆಯದು.

ಬೆಲೆಯ ಲೆಕ್ಕಾಚಾರ

ಬಹುಕಾಲ ಸ್ಮೃತಿಯೇ ಅತ್ಯಂತ ಅಗ್ಗದ ಚಿಕಿತ್ಸೆಯಾಗಿತ್ತು. 2025ರ ಉತ್ತರಾರ್ಧದಲ್ಲಿ ಆ ಮಾತು ಬದಲಾಯಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆ ಏರಿದ್ದರಿಂದ, ಸ್ಮೃತಿ ತಯಾರಿಕೆಯ ಬಹುಪಾಲನ್ನು ಹಿಡಿದಿರುವ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಸಂಸ್ಥೆಗಳು ಆ ಕಡೆಗೇ ಹೆಚ್ಚು ಒಲಿದವು. ಜಗತ್ತಿನಾದ್ಯಂತ ಬೆಲೆ ಏರಿತು. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ಮಾರಾಟವನ್ನೇ ಕೈಬಿಡುವುದಾಗಿ ಘೋಷಿಸಿತು. ಆದ್ದರಿಂದ ಹಳೆಯ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಬಾರದು. ಆ ದಿನದ ಬೆಲೆಯನ್ನು ಎರಡು ಮೂರು ಕಡೆ ವಿಚಾರಿಸಿ, ಅದನ್ನು ಯಂತ್ರ ಇನ್ನು ಎಷ್ಟು ವರ್ಷ ನಡೆದೀತೆಂಬ ಅಂದಾಜಿನಿಂದ ಭಾಗಿಸಬೇಕು. ವರ್ಷಕ್ಕೆ ಬೀಳುವ ವೆಚ್ಚ ಹೊಸ ಯಂತ್ರದ ವಾರ್ಷಿಕ ವೆಚ್ಚಕ್ಕಿಂತ ಬಹಳ ಕಡಿಮೆಯಿದ್ದರೆ ಮಾತ್ರ ಮುಂದುವರಿಯಬೇಕು. ಬ್ಯಾಟರಿ, ತಿರುಗಣೆ, ಕೀಲಿಮಣೆ ಮೂರೂ ಹೋಗಿರುವ ಯಂತ್ರಕ್ಕೆ ಸ್ಮೃತಿ ಹಾಕಿಸುವುದು ಸೋರುವ ಮಾಡಿನ ಮನೆಗೆ ಬಣ್ಣ ಬಳಿದಂತೆ.

ಇಂತಹ ಸಮಯದಲ್ಲಿ ಬಳಸಿದ ಫಲಕವನ್ನೂ ಪರಿಗಣಿಸಬಹುದು. ಸ್ಮೃತಿಯಲ್ಲಿ ಚಲಿಸುವ ಭಾಗಗಳಿಲ್ಲ. ಹಾರ್ಡ್‌ಡಿಸ್ಕ್, ಬ್ಯಾಟರಿಗಳಂತೆ ಅದು ಬೇಗ ಸವೆಯುವುದೂ ಇಲ್ಲ. ಬಂಧುಗಳ ಮನೆಯಲ್ಲಿ ಪರದೆ ಒಡೆದು ಮೂಲೆ ಸೇರಿದ ಅದೇ ಪೀಳಿಗೆಯ ಲ್ಯಾಪ್‌ಟಾಪ್ ಇದ್ದರೆ ಅದರ ಫಲಕ ನಮ್ಮದಕ್ಕೆ ಆಗಬಹುದು. ಪರೀಕ್ಷಿಸಿ ಹಾಕಿಕೊಂಡರಾಯಿತು.

ನಮ್ಮ ಮನೆಯ ಅನುಭವ

ನಮ್ಮಲ್ಲಿದ್ದುದು 2019ರಲ್ಲಿ ಕೊಂಡ ಲ್ಯಾಪ್‌ಟಾಪ್. ಎಂಟನೆಯ ಪೀಳಿಗೆಯ ಸಂಸ್ಕಾರಕ, ಬೆಸೆದ 4 ಜಿಬಿ ಸ್ಮೃತಿ, ತಿರುಗುವ ಹಾರ್ಡ್‌ಡಿಸ್ಕ್. 2024ರ ಮಳೆಗಾಲದಲ್ಲಿ ಮಗಳ ಕಾಲೇಜಿನ ಪ್ರಾಜೆಕ್ಟ್ ಒಪ್ಪಿಸುವ ಗಡುವು ಹತ್ತಿರವಾದಾಗ ಯಂತ್ರ ಹೆಜ್ಜೆಹೆಜ್ಜೆಗೂ ನಿಲ್ಲತೊಡಗಿತು. ಸಮೀಪದ ಅಂಗಡಿಯೊಂದಕ್ಕೆ ಒಯ್ದೆವು. ಸ್ಮೃತಿ ಹಾಕಿಸಬೇಕು, ಹಾಕಿದ ಮೇಲೆ ಫಾರ್ಮ್ಯಾಟ್ ಮಾಡಲೇಬೇಕು, ಪಾಸ್‌ವರ್ಡ್ ಬರೆದುಕೊಟ್ಟು ಹೋಗಿ ಎಂದರು.

ಫಾರ್ಮ್ಯಾಟ್ ಎಂಬ ಪದ ಕೇಳಿದೊಡನೆ ನಾವು ಯಂತ್ರವನ್ನು ಮರಳಿ ಚೀಲದಲ್ಲಿಟ್ಟೆವು. ಅದರಲ್ಲಿ ನಮ್ಮ ಮಾವನವರ ಆತ್ಮಕಥನವಿತ್ತು. 1962ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದ ಅವರು, ನಿವೃತ್ತಿಯ ಅನಂತರ ಕನ್ನಡ ಟೈಪಿಂಗ್ ಕಲಿತು ದಿನಕ್ಕೆ ಅರ್ಧ ಪುಟದಂತೆ ಬರೆಯುತ್ತ ಬಂದಿದ್ದಾರೆ. 2016ರಲ್ಲಿ ಮನೆಯ ಹಳೆಯ ಗಣಕಯಂತ್ರಕ್ಕೆ ಸ್ಮೃತಿ ಹಾಕಿಸಲು ಕೊಟ್ಟಾಗ ಇದೇ ರೀತಿ, ನಮ್ಮನ್ನು ಕೇಳದೆಯೇ, ಫಾರ್ಮ್ಯಾಟ್ ಮಾಡಿ ಕೊಟ್ಟಿದ್ದರು. ಅಂದು ಮೂರು ಅಧ್ಯಾಯಗಳು ಹೋದವು. ಎರಡರ ಹಸ್ತಪ್ರತಿ ಇತ್ತು, ಮತ್ತೆ ಟೈಪ್ ಮಾಡಿದರು. ಮೂರನೆಯದು, ಹೋಟೆಲಿನ ಕೆಲಸ ಮುಗಿಸಿ ರಾತ್ರಿಶಾಲೆಗೆ ನಡೆದುಹೋಗುತ್ತಿದ್ದ ವರ್ಷಗಳ ಅಧ್ಯಾಯ. ಅದನ್ನು ಅವರು ನೇರವಾಗಿ ಪರದೆಯ ಮೇಲೆಯೇ ಬರೆದಿದ್ದರು. ಮಾವನವರು ಯಾರನ್ನೂ ಆಕ್ಷೇಪಿಸಲಿಲ್ಲ. ಆದರೆ ತಿಂಗಳುಗಟ್ಟಲೆ ಗಣಕಯಂತ್ರದ ಹತ್ತಿರ ಬರಲಿಲ್ಲ. ತಪ್ಪು ಅಂಗಡಿಯದಷ್ಟೇ ನಮ್ಮದೂ ಆಗಿತ್ತು. ಪ್ರತಿ ತೆಗೆದಿಡದೆ ಕೊಟ್ಟವರು ನಾವೇ.

ಈ ಬಾರಿ ಮನೆಗೆ ಬಂದು ಮೊದಲು ಎಲ್ಲ ಕಡತಗಳನ್ನೂ ಎರಡು ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿದೆವು. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಮೆಮೊರಿ ಶೇ. 91, ಡಿಸ್ಕ್ ಶೇ. 100. ಕೈಪಿಡಿಯ ಪ್ರಕಾರ ಒಂದು ಖಾಲಿ ಸ್ಥಳವಿತ್ತು. ಬೇರೊಬ್ಬ ತಂತ್ರಜ್ಞರಿಂದ ನಮ್ಮೆದುರಿನಲ್ಲಿಯೇ 8 ಜಿಬಿಯ ಡಿಡಿಆರ್4 ಫಲಕ ಹಾಕಿಸಿ, ಹಾರ್ಡ್‌ಡಿಸ್ಕಿನಲ್ಲಿದ್ದುದನ್ನು ಇದ್ದಹಾಗೆಯೇ ಎಸ್‌ಎಸ್‌ಡಿಗೆ ವರ್ಗಾಯಿಸಿದೆವು. ಎರಡೂ ಸೇರಿ ತಗಲಿದ ವೆಚ್ಚ ಅಂದಿನ ಹೊಸ ಲ್ಯಾಪ್‌ಟಾಪೊಂದರ ಬೆಲೆಯ ಎಂಟನೆಯ ಒಂದು ಪಾಲಿಗಿಂತ ಕಡಿಮೆ. ಒಂದು ಅಕ್ಷರವೂ ಅಳಿಯಲಿಲ್ಲ. ಮಗಳು ಗಡುವಿನೊಳಗೆ ಪ್ರಾಜೆಕ್ಟ್ ಒಪ್ಪಿಸಿದಳು. 2025ರಲ್ಲಿ ಅದೇ ಯಂತ್ರ ವಿಂಡೋಸ್ 11ಕ್ಕೂ ಸಾಗಿತು. ಕಳೆದುಹೋದ ಅಧ್ಯಾಯವನ್ನು ಮಾವನವರು ಅದರಲ್ಲಿಯೇ ಮತ್ತೆ ಬರೆಯತೊಡಗಿದ್ದಾರೆ. ಮೊದಲಿನಂತೆ ಬರುತ್ತಿಲ್ಲ ಎನ್ನುತ್ತಾರೆ.

ಆದರೆ ಖಾರೇಗಾಂವಿನ ನಮ್ಮ ಸ್ನೇಹಿತರೊಬ್ಬರಿಗೆ ಈ ಮಾರ್ಗವಿರಲಿಲ್ಲ. ಅವರ ತೆಳು ಲ್ಯಾಪ್‌ಟಾಪಿನಲ್ಲಿ 4 ಜಿಬಿಯನ್ನೂ ಬೆಸೆಯಲಾಗಿತ್ತು, ಖಾಲಿ ಸ್ಥಳವಿರಲಿಲ್ಲ. ಆರಂಭದಲ್ಲಿ ತಾವಾಗಿ ತೆರೆದುಕೊಳ್ಳುತ್ತಿದ್ದ ತಂತ್ರಾಂಶಗಳನ್ನು ನಿಲ್ಲಿಸಿ, ಬೇಡದವನ್ನು ತೆಗೆದುಹಾಕಿ, ಅದನ್ನು ಹಿರಿಯರ ಓದು ಬರಹಕ್ಕೆ ಮೀಸಲಿಟ್ಟರು. ಮಗನಿಗೆ 16 ಜಿಬಿಯ ಹೊಸದನ್ನು ಕೊಂಡರು. ಅವರ ಸಂದರ್ಭದಲ್ಲಿ ಅದೇ ಸರಿಯಾದ ನಿರ್ಧಾರ.

ಖರೀದಿ ಮತ್ತು ಜೋಡಣೆ

ಮುಂಬಯಿಯಲ್ಲಿ ಇಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಹೆಸರಾದುದು ಲ್ಯಾಮಿಂಗ್ಟನ್ ರಸ್ತೆ. ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗವೆಂಬುದು ಅದರ ಅಧಿಕೃತ ಹೆಸರು. ಕಳವಾದಿಂದ ಹೋಗುವವರು ದಾದರಿನಲ್ಲಿ ಪಶ್ಚಿಮ ರೈಲ್ವೆಗೆ ಬದಲಾಯಿಸಿ ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಒಂದೇ ಫಲಕಕ್ಕಾಗಿ ಅರ್ಧ ದಿನ ಕಳೆಯುವ ಮೊದಲು ಠಾಣೆಯ ಅಂಗಡಿಗಳಲ್ಲಿ ವಿಚಾರಿಸುವುದು ಲೇಸು. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲು ಪಡೆಯಬೇಕು, ಖಾತರಿ ಪತ್ರ ಇಟ್ಟುಕೊಳ್ಳಬೇಕು, ಹೊಂದದಿದ್ದರೆ ಹಿಂದಕ್ಕೆ ಪಡೆಯುವರೇ ಎಂದು ಕೇಳಬೇಕು. ಲ್ಯಾಪ್‌ಟಾಪ್ ಇನ್ನೂ ಖಾತರಿಯ ಅವಧಿಯಲ್ಲಿದ್ದರೆ ಮುಚ್ಚಳ ತೆರೆಯುವುದರಿಂದ ಖಾತರಿಗೆ ಧಕ್ಕೆಯಾಗುವುದೇ ಎಂಬುದನ್ನು ತಯಾರಕರ ಸೇವಾಕೇಂದ್ರದಲ್ಲಿ ಮೊದಲೇ ತಿಳಿಯಬೇಕು. ದುರಸ್ತಿ ಹಕ್ಕಿನ ಕುರಿತಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ಆರಂಭಿಸಿದೆ.

ಸ್ಮೃತಿ ಫಲಕ ಜೋಡಿಸಲು ಯಾವ ಕಡತವನ್ನೂ ಅಳಿಸಬೇಕಾಗಿಲ್ಲ, ಯಾರಿಗೂ ಪಾಸ್‌ವರ್ಡ್ ಕೊಡಬೇಕಾಗಿಲ್ಲ. ಹೊಸ ಸ್ಮೃತಿ ಗುರುತಿಸಲ್ಪಟ್ಟಿದೆಯೇ ಎಂಬುದು ಪಾಸ್‌ವರ್ಡ್ ಹಾಕುವ ಮೊದಲೇ ಬಯಾಸ್ ಪರದೆಯಲ್ಲಿ ಕಾಣುತ್ತದೆ. ಈ ಎರಡು ಮಾತುಗಳನ್ನು ವಾಚಕರು ವಿಶೇಷವಾಗಿ ನೆನಪಿಡಬೇಕೆಂದು ಕೋರುತ್ತೇವೆ.

ಸ್ವತಃ ಜೋಡಿಸುವ ಧೈರ್ಯವುಳ್ಳವರು ಯಂತ್ರವನ್ನು ಪೂರ್ತಿ ನಿಲ್ಲಿಸಿ, ಚಾರ್ಜರ್ ಕಳಚಿ, ಮುಚ್ಚಳ ತೆಗೆದ ಮೇಲೆ ಬ್ಯಾಟರಿಯ ತಂತಿಯನ್ನೂ ಬಿಡಿಸಬೇಕು. ಬೇರೊಂದು ಲೋಹದ ವಸ್ತುವನ್ನು ಮುಟ್ಟಿ ಮೈಯಲ್ಲಿರುವ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಫಲಕವನ್ನು ಅಂಚಿನಲ್ಲಿ ಹಿಡಿದು, ಓರೆಯಾಗಿ ತೂರಿಸಿ, ಎರಡೂ ಬದಿಯ ಕೊಕ್ಕೆಗಳು ಟಕ್ಕೆಂದು ಹಿಡಿಯುವವರೆಗೆ ಮೆಲ್ಲಗೆ ಕೆಳಕ್ಕೆ ಒತ್ತಬೇಕು. ಚಿನ್ನದ ಬಣ್ಣದ ತುದಿಗಳಿಗೆ ಬೆರಳು ತಾಗಿಸಬಾರದು. ಮೊದಲ ಬಾರಿ ಆರಂಭವಾಗಲು ಯಂತ್ರ ತುಸು ಹೆಚ್ಚು ಸಮಯ ತೆಗೆದುಕೊಂಡರೆ ಹೆದರಬೇಕಾಗಿಲ್ಲ. ಬಳಿಕ ವಿಂಡೋಸ್ ಮೆಮೊರಿ ಡಯಗ್ನಾಸ್ಟಿಕ್ ಎಂಬ ಪರೀಕ್ಷೆಯನ್ನು ಒಮ್ಮೆ ನಡೆಸಬೇಕು. ಬಳಸಿದ ಫಲಕವಾದರೆ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಒಂದು ರಾತ್ರಿ ಓಡಿಸುವುದು ಉತ್ತಮ. ದೋಷವುಳ್ಳ ಸ್ಮೃತಿ ಯಂತ್ರವನ್ನು ನಿಲ್ಲಿಸುವುದಷ್ಟೇ ಅಲ್ಲ, ಸದ್ದಿಲ್ಲದೆ ಕಡತಗಳನ್ನೂ ಕೆಡಿಸಬಲ್ಲದು.

ತೆಗೆದ ಹಳೆಯ ಫಲಕವನ್ನು ಕಸದ ಬುಟ್ಟಿಗೆ ಎಸೆಯದೆ ಬೇಕಾದವರಿಗೆ ಕೊಡಿ. ಕೆಟ್ಟಿದ್ದರೆ ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಆಶಯವೂ ಇದೇ.

ನಿರ್ಧಾರದ ಕ್ರಮ

ಇಷ್ಟನ್ನೂ ಸಂಕ್ಷೇಪಿಸಿ ಹೇಳುವುದಾದರೆ:

1. ಮೊದಲು ಕಡತಗಳ ಪ್ರತಿಯನ್ನು ಎರಡು ಕಡೆ ತೆಗೆದಿಡಿ.

2. ಯಂತ್ರ ತಡವರಿಸುವ ಹೊತ್ತಿನಲ್ಲಿ ಮೆಮೊರಿ, ಡಿಸ್ಕ್, ಸಿಪಿಯು ಮೂರನ್ನೂ ನೋಡಿ. ಮೆಮೊರಿ ತುಂಬಿಲ್ಲವಾದರೆ ಸ್ಮೃತಿಯ ಯೋಚನೆ ಬಿಡಿ.

3. ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಎಸ್‌ಎಸ್‌ಡಿಗೆ ಮೊದಲ ಸ್ಥಾನ ಕೊಡಿ.

4. ಯಂತ್ರಕ್ಕೆ ಸುರಕ್ಷತಾ ಪರಿಷ್ಕರಣೆ ಇನ್ನೆಷ್ಟು ವರ್ಷ ಸಿಗುವುದೆಂದು ತಿಳಿಯಿರಿ.

5. ಖಾಲಿ ಸ್ಥಳ, ಪೀಳಿಗೆ, ಗರಿಷ್ಠ ಮಿತಿಗಳನ್ನು ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ.

6. ಆ ದಿನದ ಬೆಲೆಯನ್ನು ಉಳಿದ ವರ್ಷಗಳಿಂದ ಭಾಗಿಸಿ, ಹೊಸದರೊಡನೆ ಹೋಲಿಸಿ.

7. ಜೋಡಣೆ ನಿಮ್ಮ ಎದುರಿನಲ್ಲಿಯೇ ನಡೆಯಲಿ. ಪಾಸ್‌ವರ್ಡ್ ಕೊಡಬೇಡಿ, ಫಾರ್ಮ್ಯಾಟ್‌ಗೆ ಒಪ್ಪಬೇಡಿ.

ಯಂತ್ರದ ಸ್ಮೃತಿಯನ್ನು ಹಣ ಕೊಟ್ಟು ಹೆಚ್ಚಿಸಬಹುದು. ಅದರಲ್ಲಿ ಮನೆಯವರು ಬರೆದಿಟ್ಟದ್ದು ಒಮ್ಮೆ ಹೋದರೆ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಮೊದಲನೆಯ ಅಂಶವನ್ನು ಈ ದಿನವೇ ಮಾಡಿ ಮುಗಿಸಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ. ಉಳಿದ ಆರನ್ನು ಸಾವಕಾಶವಾಗಿ ವಿಚಾರ ಮಾಡಬಹುದು.